ರೂಮಿಗೆ 3,000, ಕಟ್ಟಿದ್ದು 3,445: ಹೋಟೆಲ್ ಬುಕಿಂಗ್‌ನ ‘ತೆರಿಗೆ ಮತ್ತು ಶುಲ್ಕ’ ಬಿಡಿಸಿ ನೋಡುವ ಬಗೆ

ಮಡಿಕೇರಿಯಲ್ಲಿ ಒಂದು ರಾತ್ರಿಗೆ ರೂಮ್ ಹುಡುಕುತ್ತಿದ್ದೀರಿ ಎಂದುಕೊಳ್ಳಿ. ಆ್ಯಪ್‌ನಲ್ಲಿ ದಪ್ಪಕ್ಷರದಲ್ಲಿ 3,000 ರೂ. ಎಂದಿದೆ. ಅದರ ಕೆಳಗೆ ಬೂದು ಬಣ್ಣದಲ್ಲಿ, ಕನ್ನಡಕ ಹಾಕಿಕೊಂಡೇ ಓದಬೇಕಾದಷ್ಟು ಸಣ್ಣದಾಗಿ ‘+ 445 ತೆರಿಗೆ ಮತ್ತು ಶುಲ್ಕ’. ಜಿಎಸ್‌ಟಿ ಇರಬೇಕು, ಏನು ಮಾಡೋಕಾಗುತ್ತೆ ಎಂದು ಹೆಚ್ಚಿನವರು ಕಟ್ಟಿಬಿಡುತ್ತಾರೆ. ಆದರೆ 3,000ದ ರೂಮಿಗೆ ಜಿಎಸ್‌ಟಿ 150 ರೂ. ಮಾತ್ರ. ಉಳಿದ 295ರಲ್ಲಿ 250 ಆ್ಯಪ್‌ನವರ ಸೇವಾ ಶುಲ್ಕ, 45 ಆ ಶುಲ್ಕಕ್ಕೆ ಬಿದ್ದ ಶೇ. 18ರ ಜಿಎಸ್‌ಟಿ. ಅಂದರೆ ‘ತೆರಿಗೆ’ ಎಂದು ಕಾಣುವುದರಲ್ಲಿ ಅರ್ಧಕ್ಕಿಂತ ಹೆಚ್ಚು ರೂಮಿನ ತೆರಿಗೆಯೇ ಅಲ್ಲ.

ಬುಕಿಂಗ್‌ನಲ್ಲಿ ಬಾಡಿಗೆಯ ಮೇಲೆ ಬೀಳುವ ಪ್ರತಿ ರೂಪಾಯಿಯೂ ಮೂರು ಜೇಬುಗಳಲ್ಲಿ ಒಂದಕ್ಕೆ ಹೋಗುತ್ತದೆ: ಸರ್ಕಾರದ್ದು, ಆ್ಯಪ್‌ನವರದ್ದು, ಹೋಟೆಲಿನವರದ್ದು. ಸರ್ಕಾರದ ಪಾಲಿನಲ್ಲಿ ಚೌಕಾಸಿ ಇಲ್ಲ, ಆದರೆ ಅದನ್ನು ಮೊದಲೇ ಪೈಸೆಗೆ ಪೈಸೆ ಲೆಕ್ಕ ಹಾಕಬಹುದು. ಆ್ಯಪ್‌ನವರ ಪಾಲನ್ನು ತಪ್ಪಿಸಿಕೊಳ್ಳಬಹುದು. ಹೋಟೆಲಿನವರ ಪಾಲನ್ನು ಬಾಯಿಬಿಟ್ಟು ಕೇಳಬೇಕು. ಯಾವ ದುಡ್ಡು ಯಾರದ್ದು ಎಂದು ಗೊತ್ತಿಲ್ಲದೆ ರಿಸೆಪ್ಷನ್‌ನಲ್ಲಿ ಜಗಳಕ್ಕೆ ನಿಂತರೆ ಅಲ್ಲಿರುವ ಹುಡುಗ ‘ಅದು ಆ್ಯಪ್‌ನೋರು ಹಾಕಿರೋದು ಸಾರ್’ ಎನ್ನುತ್ತಾನೆ, ಆ್ಯಪ್‌ನವರಿಗೆ ಫೋನ್ ಮಾಡಿದರೆ ‘ಅದು ಹೋಟೆಲ್ ಪಾಲಿಸಿ’ ಎನ್ನುತ್ತಾರೆ.

7,500ರ ಗೆರೆ

2025ರ ಸೆಪ್ಟೆಂಬರ್ 22ರಿಂದ ಹೋಟೆಲ್ ರೂಮಿನ ಜಿಎಸ್‌ಟಿ ಹೀಗಿದೆ: ಒಂದು ರೂಮಿಗೆ ಒಂದು ದಿನಕ್ಕೆ 7,500 ರೂ. ತನಕ ಶೇ. 5, ಅದರ ಮೇಲೆ ಒಂದು ರೂಪಾಯಿ ಹೋದರೂ ಶೇ. 18. ಅದಕ್ಕೆ ಮುಂಚೆ 7,500ರ ಒಳಗಿನ ರೂಮಿಗೆ ಶೇ. 12 ಇತ್ತು. ಹಳೆಯ ಬ್ಲಾಗುಗಳಲ್ಲಿ, ಕೆಲವು ಹೋಟೆಲುಗಳ ವೆಬ್‌ಸೈಟಿನಲ್ಲಿ ಇವತ್ತಿಗೂ 12 ಎಂದೇ ಇರುತ್ತದೆ. ಸಾವಿರ ರೂಪಾಯಿ ಒಳಗಿನ ರೂಮಿಗೆ ತೆರಿಗೆ ಇಲ್ಲ ಎಂಬ ಮಾತೂ ಹಳೆಯದು. ಆ ವಿನಾಯಿತಿ 2022ರ ಜುಲೈ 18ಕ್ಕೇ ಹೋಯಿತು.

ಆದಾಯ ತೆರಿಗೆಯಲ್ಲಿ ಮಿತಿ ದಾಟಿದ ಭಾಗಕ್ಕೆ ಮಾತ್ರ ಹೆಚ್ಚಿನ ದರ. ಇಲ್ಲಿ ಹಾಗಲ್ಲ, ಗೆರೆ ದಾಟಿದರೆ ಇಡೀ ಮೊತ್ತಕ್ಕೆ 18. ರೂಮ್ 7,500 ಆದರೆ ನೀವು ಕಟ್ಟುವುದು 7,875. ರೂಮ್ 7,501 ಆದರೆ 8,851. ಒಂದು ರೂಪಾಯಿಗೆ 976 ರೂಪಾಯಿ ದಂಡ! ಹಾಗಾಗಿ 7,500ರಿಂದ 8,500ರ ನಡುವಿನ ರೂಮುಗಳನ್ನು ಕಂಡಾಗ ಒಂದು ಸಲ ನಿಂತು ಯೋಚಿಸಿ. ಅದೇ ಹೋಟೆಲಿನಲ್ಲಿ ಒಂದು ಮೆಟ್ಟಿಲು ಕೆಳಗಿನ ರೂಮ್ 7,400ಕ್ಕೆ ಇದ್ದರೆ ನಿಜವಾದ ಉಳಿತಾಯ ನೂರಿನ್ನೂರಲ್ಲ, ಸಾವಿರದ ಮೇಲೆ.

ಗೆರೆ ದಾಟಿಸುವ ಸಂಗತಿಗಳು ನಾಲ್ಕಿವೆ. ಬುಕ್ ಮಾಡುವಾಗ ಒಂದೂ ಕಣ್ಣಿಗೆ ಬೀಳುವುದಿಲ್ಲ.

ಮೊದಲನೆಯದು ಎಕ್ಸ್‌ಟ್ರಾ ಬೆಡ್. ರೂಮ್ 7,000, ಹೆಚ್ಚುವರಿ ಹಾಸಿಗೆಗೆ 1,000. ಹೋಟೆಲಿನವರು ಹಾಸಿಗೆಯನ್ನೂ ರೂಮಿನ ಬಾಡಿಗೆಗೇ ಸೇರಿಸಿ ಬಿಲ್ ಮಾಡಿದರೆ ಮೊತ್ತ 8,000, ತೆರಿಗೆ 1,440, ಒಟ್ಟು 9,440. ಹಾಸಿಗೆ ಇಲ್ಲದಿದ್ದರೆ 7,350ಕ್ಕೆ ಮುಗಿಯುತ್ತಿತ್ತು. ಸಾವಿರ ರೂಪಾಯಿ ಹಾಸಿಗೆಗೆ ಬಿದ್ದದ್ದು 2,090. ಮೂಗಿಗಿಂತ ಮೂಗುತಿ ಭಾರ. ಇಂಥಲ್ಲಿ 4,000ದ ಎರಡು ರೂಮ್ ತೆಗೆದುಕೊಂಡರೆ 8,400ರಲ್ಲಿ ನಾಲ್ಕು ಜನ ಆರಾಮಾಗಿ ಮಲಗಬಹುದು.

ಎರಡನೆಯದು ತಿಂಡಿ. ಹೋಟೆಲಿನವರ ಭಾಷೆಯಲ್ಲಿ ಇಪಿ ಎಂದರೆ ಬರೀ ರೂಮ್, ಸಿಪಿ ಎಂದರೆ ರೂಮ್ ಜೊತೆ ಬೆಳಗಿನ ತಿಂಡಿ, ಎಂಎಪಿ ಎಂದರೆ ತಿಂಡಿ ಮತ್ತು ಒಂದು ಊಟ, ಎಪಿ ಎಂದರೆ ಮೂರೂ ಹೊತ್ತು. ಎಲ್ಲ ಸೇರಿ ಒಂದೇ ದರವಾಗಿ ಮಾರಿದರೆ ಇಡೀ ದರಕ್ಕೆ ರೂಮಿನ ತೆರಿಗೆಯೇ ಬೀಳುತ್ತದೆ. ಇಪಿ 7,100, ಸಿಪಿ 7,900 ಎಂದಿದ್ದರೆ ತಿಂಡಿಗೆ 800 ಎಂದಷ್ಟೇ ಕಾಣುತ್ತದೆ. ಲೆಕ್ಕ ಹಾಕಿ: ಸಿಪಿ ತೆಗೆದುಕೊಂಡರೆ 9,322. ಇಪಿ ತೆಗೆದುಕೊಂಡು, ಅದೇ ಹೋಟೆಲಿನಲ್ಲಿ 800ರ ತಿಂಡಿಯನ್ನು ಬೇರೆ ಬಿಲ್‌ನಲ್ಲಿ ಶೇ. 18 ತೆರಿಗೆ ಕೊಟ್ಟು ತಿಂದರೂ 8,399. ಹೊರಗೆ ಹೋಗಿ ದರ್ಶಿನಿಯಲ್ಲಿ ಮಸಾಲೆ ದೋಸೆ ತಿಂದರಂತೂ ಕೇಳುವುದೇ ಬೇಡ.

ಮೂರನೆಯದು ವಾರಾಂತ್ಯ. ಶುಕ್ರವಾರ 6,800, ಶನಿವಾರ 8,200. ಆ್ಯಪ್ ಇದನ್ನು ‘ಸರಾಸರಿ 7,500’ ಎಂದು ತೋರಿಸಬಹುದು. ತೆರಿಗೆಗೆ ಸರಾಸರಿ ಇಲ್ಲ, ದಿನದ ಲೆಕ್ಕ. ಶುಕ್ರವಾರಕ್ಕೆ 7,140, ಶನಿವಾರಕ್ಕೆ 9,676, ಎರಡೂ ಸೇರಿ 16,816. ಸರಾಸರಿ ನಂಬಿ 15,750 ಎಂದುಕೊಂಡವರಿಗೆ 1,066 ರೂ. ಹೆಚ್ಚು. ಗುರುವಾರ–ಶುಕ್ರವಾರ ಮಾಡಿಕೊಳ್ಳಲು ರಜೆ ಇದ್ದರೆ ಇಲ್ಲಿ ಉಳಿಯುವುದು ಬಾಡಿಗೆಯಷ್ಟೇ ಅಲ್ಲ.

ನಾಲ್ಕನೆಯದು ಕೂಪನ್. ಹೋಟೆಲೇ 8,000ದ ರೂಮನ್ನು 7,000ಕ್ಕೆ ಇಳಿಸಿದರೆ ತೆರಿಗೆ 7,000ಕ್ಕೆ, ಶೇ. 5ರಂತೆ, ಒಟ್ಟು 7,350. ಆದರೆ ಹೋಟೆಲಿನ ದರ 8,000 ಹಾಗೇ ಇದ್ದು ಆ್ಯಪ್‌ನವರು ತಮ್ಮ ಕೈಯಿಂದ 1,000ದ ಕೂಪನ್ ಕೊಟ್ಟರೆ ಸಾಮಾನ್ಯವಾಗಿ ತೆರಿಗೆ 8,000ಕ್ಕೇ, ಶೇ. 18ರಂತೆ. 9,440ರಲ್ಲಿ 1,000 ಕಳೆದು ನೀವು ಕಟ್ಟುವುದು 8,440. ಎರಡೂ ಕಡೆ ‘1,000 ರೂ. ರಿಯಾಯಿತಿ’ ಎಂದೇ ಬರೆದಿರುತ್ತದೆ. ಕೂಪನ್ ಹಾಕಿದ ಮೇಲೂ ತೆರಿಗೆಯ ಸಾಲು ಅಲುಗಾಡದಿದ್ದರೆ ಅದು ಆ್ಯಪ್‌ನವರ ಕೂಪನ್ ಎಂದು ತಿಳಿಯಿರಿ.

ಪುಟ್ಟ ಹೋಮ್‌ಸ್ಟೇಗೂ ಜಿಎಸ್‌ಟಿ ಯಾಕೆ?

ಸಕಲೇಶಪುರದ ಕಡೆ ಮೂರು ರೂಮಿನ ಹೋಮ್‌ಸ್ಟೇ. ಯಜಮಾನರ ವರ್ಷದ ವಹಿವಾಟು 20 ಲಕ್ಷ ದಾಟುವುದಿಲ್ಲ, ಹಾಗಾಗಿ ಜಿಎಸ್‌ಟಿ ನೋಂದಣಿಯೂ ಇಲ್ಲ. ನೇರವಾಗಿ ಫೋನ್ ಮಾಡಿ ಹೋದರೆ ಜಿಎಸ್‌ಟಿ ಇಲ್ಲ. ಅದೇ ರೂಮನ್ನು ಆ್ಯಪ್‌ನಲ್ಲಿ ಬುಕ್ ಮಾಡಿದರೆ ತೆರಿಗೆ ಬೀಳುತ್ತದೆ. ಇದು ಮೋಸವಲ್ಲ. ನೋಂದಣಿ ಇಲ್ಲದ ವಸತಿಯವರ ಪರವಾಗಿ ಜಿಎಸ್‌ಟಿ ಕಟ್ಟುವ ಹೊಣೆಯನ್ನು ಕೇಂದ್ರ ಜಿಎಸ್‌ಟಿ (ಸಿಜಿಎಸ್‌ಟಿ) ಕಾಯ್ದೆಯ 9(5)ನೇ ಕಲಂ ಆ್ಯಪ್‌ನವರ ಮೇಲೆ ಹಾಕಿದೆ.

ಆದ್ದರಿಂದ ಸಣ್ಣ ಹೋಮ್‌ಸ್ಟೇಗಳ ಮಟ್ಟಿಗೆ ನೇರ ಬುಕಿಂಗ್‌ನಲ್ಲಿ ತೆರಿಗೆಯೂ ಇಲ್ಲ, ಆ್ಯಪ್‌ನವರ ಶುಲ್ಕವೂ ಇಲ್ಲ. ಯಜಮಾನರಿಗೂ ಕಮಿಷನ್ ಉಳಿಯುವುದರಿಂದ ಕೇಳಿದರೆ ಅಷ್ಟಿಷ್ಟು ಬಿಡುತ್ತಾರೆ. ಆದರೆ ಹುಷಾರು: ಗೂಗಲ್‌ನಲ್ಲಿ ಸಿಕ್ಕಿದ ಯಾವುದೋ ನಂಬರಿಗೆ ಪೂರ್ತಿ ಹಣ ಯುಪಿಐ ಮಾಡಬೇಡಿ. ಹೋಟೆಲ್ ಹೆಸರಿನಲ್ಲಿ ಸುಳ್ಳು ನಂಬರ್ ಹಾಕಿ ಮುಂಗಡ ನುಂಗುವವರು ಇದ್ದಾರೆ. ಪ್ರವಾಸೋದ್ಯಮ ಇಲಾಖೆಯ ಹೋಮ್‌ಸ್ಟೇ ನೋಂದಣಿ ಪತ್ರದ ಫೋಟೋ ಕೇಳಿ, ಮ್ಯಾಪ್‌ನಲ್ಲಿರುವ ನಂಬರೂ ಅವರ ವೆಬ್‌ಸೈಟಿನ ನಂಬರೂ ಒಂದೇ ಇದೆಯೇ ನೋಡಿ, ಮುಂಗಡ ಕಾಲು ಭಾಗಕ್ಕೆ ನಿಲ್ಲಿಸಿ.

ಆ್ಯಪ್‌ನವರ ಜೇಬು

ಇದಕ್ಕೆ ಹೆಸರು ಹಲವು: ಕನ್ವೀನಿಯನ್ಸ್ ಫೀ, ಸರ್ವಿಸ್ ಫೀ, ಪ್ಲಾಟ್‌ಫಾರ್ಮ್ ಫೀ. ‘ತೆರಿಗೆ ಮತ್ತು ಶುಲ್ಕ’ ಎಂದು ಒಂದೇ ಸಾಲಿನಲ್ಲಿ ಕೂಡಿಸಿಟ್ಟಿದ್ದರೆ ಬಿಡಿಸುವ ಸೂತ್ರ ಸುಲಭ. ರೂಮಿನ ದರದ ಶೇ. 5 ಅಥವಾ 18ನ್ನು ಆ ಮೊತ್ತದಿಂದ ಕಳೆಯಿರಿ. ಉಳಿದದ್ದನ್ನು 1.18ರಿಂದ ಭಾಗಿಸಿದರೆ ಅವರ ಶುಲ್ಕ ಸಿಗುತ್ತದೆ. ಮೇಲಿನ ಉದಾಹರಣೆಯಲ್ಲಿ 445ರಿಂದ 150 ಕಳೆದರೆ 295, ಅದನ್ನು 1.18ರಿಂದ ಭಾಗಿಸಿದರೆ 250. ಹೀಗೆ ಎರಡು ಮೂರು ಆ್ಯಪ್‌ಗಳಲ್ಲಿ ಒಂದೇ ರೂಮಿಗೆ ಮಾಡಿ ನೋಡಿ. ಬಾಡಿಗೆ ಕಡಿಮೆ ತೋರಿಸುವವನೇ ಶುಲ್ಕದಲ್ಲಿ ಅದನ್ನು ವಾಪಸ್ ಎತ್ತಿಕೊಂಡಿರುವುದು ಗೊತ್ತಾಗುತ್ತದೆ.

ಕೊನೆಯ ಪುಟದಲ್ಲಿ ಮೊದಲೇ ಟಿಕ್ ಹಾಕಿಟ್ಟ ಡಬ್ಬಿಗಳನ್ನು ಹುಡುಕಿ: ಪ್ರಯಾಣ ವಿಮೆ, ‘ಉಚಿತ ರದ್ದತಿ’ ರಕ್ಷೆ, ಐದು ಹತ್ತು ರೂಪಾಯಿಯ ದೇಣಿಗೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ಇಂಥ 13 ಕುತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಗ್ರಾಹಕ ಆರಿಸದ ಸಾಮಾನನ್ನು ಬುಟ್ಟಿಗೆ ತುರುಕುವುದು, ಬೆಲೆಯನ್ನು ಹನಿಹನಿಯಾಗಿ ಹೊರಬಿಟ್ಟು ಕೊನೆಗೆ ಪೂರ್ತಿ ತೋರಿಸುವುದು, ‘ಇನ್ನೊಂದೇ ರೂಮ್ ಉಳಿದಿದೆ’ ಎಂದು ಸುಳ್ಳು ಅವಸರ ಹುಟ್ಟಿಸುವುದು ಎಲ್ಲವೂ ಅದರಲ್ಲಿವೆ. ನಿಷೇಧ ಇದೆಯೆಂದು ಡಬ್ಬಿಗಳು ಮಾಯವಾಗಿಲ್ಲ. ಟಿಕ್ ತೆಗೆಯುವ ಕೆಲಸ ಸದ್ಯಕ್ಕೆ ನಿಮ್ಮದೇ.

ಹುಡುಕಾಟದ ಪುಟದಲ್ಲಿ ‘ತೆರಿಗೆ ಸೇರಿಸಿ ತೋರಿಸು’ ಅಥವಾ ‘ಒಟ್ಟು ಬೆಲೆ’ ಎಂಬ ಗುಂಡಿ ಇದ್ದರೆ ಮೊದಲು ಅದನ್ನು ಒತ್ತಿ, ಆಮೇಲೆ ಬೆಲೆಯ ಪ್ರಕಾರ ಜೋಡಿಸಿ. ಈ ಒಂದು ಕ್ಲಿಕ್‌ಗೆ ಪಟ್ಟಿಯ ಮೇಲು ಕೆಳಗಾಗುವುದನ್ನು ನೋಡಬಹುದು.

ಹೋಟೆಲಿನವರ ಜೇಬು

ಹೆಚ್ಚಿನ ಜಗಳಗಳು ಹುಟ್ಟುವುದು ಇಲ್ಲಿ, ಏಕೆಂದರೆ ಈ ದುಡ್ಡು ಆ್ಯಪ್‌ನ ಬಿಲ್‌ನಲ್ಲಿ ಇರುವುದೇ ಇಲ್ಲ. ಅಲ್ಲಿಗೆ ಹೋಗಿ ಬ್ಯಾಗ್ ಇಳಿಸಿದ ಮೇಲೆ ಹೊರಬರುತ್ತದೆ.

ಮಕ್ಕಳ ವಯಸ್ಸು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಹುಡುಕುವಾಗ ಆ್ಯಪ್ ತಾನಾಗಿ ‘2 ವಯಸ್ಕರು’ ಎಂದು ಹಿಡಿಯುತ್ತದೆ. ಮಗುವನ್ನು ಸೇರಿಸದೆ ಬುಕ್ ಮಾಡಿ ಏಳು ವರ್ಷದ ಮಗಳ ಜೊತೆ ಹೋದರೆ ರಿಸೆಪ್ಷನ್‌ನಲ್ಲಿ ‘ಎಕ್ಸ್‌ಟ್ರಾ ಚೈಲ್ಡ್’ ಎಂದು ಕೇಳುತ್ತಾರೆ, ಕೇಳುವ ಹಕ್ಕೂ ಅವರಿಗಿದೆ. ಬಹಳಷ್ಟು ಹೋಟೆಲುಗಳಲ್ಲಿ ಐದು ವರ್ಷದ ತನಕ ಉಚಿತ, ಹನ್ನೆರಡರ ತನಕ ಮಗುವಿನ ದರ, ಆಮೇಲೆ ದೊಡ್ಡವರ ದರ. ಹೋಟೆಲಿಗೆ ತಲುಪುವ ದಿನ ಮಗುವಿಗೆ ಎಷ್ಟು ವಯಸ್ಸಾಗಿರುತ್ತದೋ ಅದನ್ನೇ ಹಾಕಿ.

ಬೆಂಗಳೂರಿನಿಂದ ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಆರಕ್ಕೇ ಊರು ಮುಟ್ಟುತ್ತದೆ. ಚೆಕ್‌ಇನ್ ಮಧ್ಯಾಹ್ನ ಹನ್ನೆರಡಕ್ಕೋ ಎರಡಕ್ಕೋ. ಬೇಗ ರೂಮ್ ಕೊಡಲು ಅರ್ಧ ದಿನದ ಬಾಡಿಗೆ ಕೇಳುವುದು ರೂಢಿ. ಮುಂಚಿನ ದಿನವೇ ಫೋನ್ ಮಾಡಿ ‘ಫ್ರೆಶ್ ಆಗೋಕೆ ಕಾಮನ್ ರೂಮ್ ಇದೆಯಾ, ಲಗೇಜ್ ಇಟ್ಕೋತೀರಾ’ ಎಂದು ಕೇಳಿದರೆ ಹಲವು ಕಡೆ ಬಿಡಿಗಾಸಿಲ್ಲದೆ ಆಗುವ ಕೆಲಸ.

ಮಲೆನಾಡಿನ ಹೋಮ್‌ಸ್ಟೇಗಳಿಗೆ ಅವುಗಳದೇ ಆದ ಪಟ್ಟಿ ಇದೆ. ಕಾರು ಹತ್ತದ ತೋಟದ ರಸ್ತೆಗೆ ಜೀಪ್, ಹೋಗುವುದಕ್ಕೂ ಬರುವುದಕ್ಕೂ ಬೇರೆ ಬೇರೆ, ಕ್ಯಾಂಪ್‌ಫೈರ್‌ನ ಸೌದೆ, ಡ್ರೈವರ್‌ಗೆ ಊಟ ಮತ್ತು ಮಲಗುವ ಜಾಗ, ವ್ಯೂ ಪಾಯಿಂಟಿನ ಜೀಪ್ ಸವಾರಿ. ಇಲ್ಲಿ ದರ ಹೆಚ್ಚಾಗಿ ತಲೆಗಿಷ್ಟು ಎಂದಿರುತ್ತದೆ. ಆ್ಯಪ್‌ನಲ್ಲಿ ಕಂಡ ದರ ರೂಮಿಗೋ ತಲೆಗೋ ಎಂದು ಕೇಳದೆ ಹೋದವರು ಇಬ್ಬರ ಬಿಲ್‌ನಲ್ಲಿ ಬೆಚ್ಚಿಬಿದ್ದದ್ದು ಹೊಸ ಸಂಗತಿಯೇನಲ್ಲ. ಕಾಡಿನ ರೆಸಾರ್ಟುಗಳಲ್ಲೂ ಅಷ್ಟೇ: ‘ಟ್ವಿನ್ ಶೇರಿಂಗ್’ ಎಂದು ಬರೆದಿದ್ದರೆ ಆ ದರ ಒಬ್ಬರಿಗೆ, ಇಬ್ಬರು ಒಂದು ರೂಮಿನಲ್ಲಿ ಇರುವ ಲೆಕ್ಕದಲ್ಲಿ. ಒಬ್ಬರೇ ಹೋದರೆ ದರ ಇನ್ನೂ ಏರುತ್ತದೆ. ಸಫಾರಿ, ಅರಣ್ಯ ಪ್ರವೇಶ ಶುಲ್ಕ, ಕ್ಯಾಮೆರಾ ಶುಲ್ಕ ಒಳಗೋ ಹೊರಗೋ ಎಂದು ಒಂದೊಂದಾಗಿ ಕೇಳಿ.

ಡಿಸೆಂಬರ್ 24 ಮತ್ತು 31ರ ರಾತ್ರಿ ಹಲವು ರೆಸಾರ್ಟುಗಳಲ್ಲಿ ‘ಗಾಲಾ ಡಿನ್ನರ್’ ಕಡ್ಡಾಯ. ತಲೆಗೆ ಸಾವಿರಗಟ್ಟಲೆ. ನೀವು ಊಟಕ್ಕೆ ಬರಲಿ ಬಿಡಲಿ, ಬಿಲ್‌ಗೆ ಬರುತ್ತದೆ. ಆ್ಯಪ್‌ನ ಪುಟದಲ್ಲಿ ‘ಪ್ರಾಪರ್ಟಿ ರೂಲ್ಸ್’ ಅಥವಾ ‘ತಿಳಿದಿರಬೇಕಾದ್ದು’ ಎಂಬ ಭಾಗದ ತೀರಾ ಕೆಳಗೆ ಇದು ಒಂದು ಸಾಲಾಗಿ ಅಡಗಿರುತ್ತದೆ.

ಊಟದ ಬಿಲ್‌ನಲ್ಲಿ ಎರಡು ನೋಡಿ. ಒಂದು, ಜಿಎಸ್‌ಟಿ ದರ. ಹಿಂದಿನ ಹಣಕಾಸು ವರ್ಷದಲ್ಲಿ ಯಾವುದೇ ರೂಮನ್ನು ದಿನಕ್ಕೆ 7,500ಕ್ಕಿಂತ ಹೆಚ್ಚಿಗೆ ಕೊಟ್ಟಿದ್ದ ಹೋಟೆಲ್, ಅಥವಾ ತಾನೇ ಹಾಗೆ ಘೋಷಿಸಿಕೊಂಡ ಹೋಟೆಲ್ ಆದರೆ ಅದರೊಳಗಿನ ರೆಸ್ಟೋರೆಂಟ್‌ಗೆ ಶೇ. 18, ಉಳಿದವಕ್ಕೆ ಶೇ. 5, 2025ರ ಏಪ್ರಿಲ್ 1ರಿಂದ ಈ ಪದ್ಧತಿ. ನಿಮ್ಮ ರೂಮ್ 4,000ದ್ದೇ ಇರಬಹುದು, ಅದೇ ಹೋಟೆಲಿನ ಸೂಟ್ 9,000ಕ್ಕೆ ಹೋಗಿದ್ದರೆ ನಿಮ್ಮ 2,000ದ ಊಟಕ್ಕೆ 360 ತೆರಿಗೆ ಬೀಳುವುದು ಸರಿಯೇ. ಎರಡು, ಸರ್ವಿಸ್ ಚಾರ್ಜ್. ಇದು ಸರ್ಕಾರದ ತೆರಿಗೆಯಲ್ಲ, ಹೋಟೆಲಿನದು. ಗ್ರಾಹಕರನ್ನು ಕೇಳದೆ ಬಿಲ್‌ಗೆ ಸೇರಿಸಬಾರದು ಎಂದು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೇಳಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ‘ಇದನ್ನ ತೆಗೆದು ಬೇರೆ ಬಿಲ್ ಕೊಡಿ’ ಎಂದರೆ ಸಾಕು, ದನಿ ಏರಿಸಬೇಕಿಲ್ಲ. ತೆಗೆಸಿದಾಗ ಅದರ ಮೇಲೆ ಹಾಕಿದ್ದ ಜಿಎಸ್‌ಟಿಯೂ ಹೋಗಿದೆಯೇ ನೋಡಿಕೊಳ್ಳಿ.

ಹಣ ಕಟ್ಟುವ ಮುಂಚಿನ ಹತ್ತು ನಿಮಿಷ

ಪಾವತಿ ಪುಟದ ತನಕ ಹೋಗಿ, ಕಾರ್ಡ್ ನಂಬರ್ ಹಾಕುವ ಜಾಗದಲ್ಲಿ ನಿಲ್ಲಿ. ಒಟ್ಟು ಮೊತ್ತ ನಿಜವಾಗಿ ಕಾಣುವುದು ಅಲ್ಲೇ. ಬೆಲೆಯ ವಿವರವನ್ನು ಬಿಚ್ಚಿ, ಸ್ಕ್ರೀನ್‌ಶಾಟ್ ತೆಗೆಯಿರಿ. ರೂಮಿನ ಬಗೆ, ಊಟದ ಪ್ಲಾನ್, ರದ್ದತಿಯ ಗಡುವು ಮೂರೂ ಚಿತ್ರದಲ್ಲಿ ಬರಲಿ. ‘ಪೇ ಅಟ್ ಹೋಟೆಲ್’ ಆಗಿದ್ದರೆ ಕಂಡ ಮೊತ್ತದಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ ಎಂಬ ಸಾಲನ್ನು ಹುಡುಕಿ. ಆಮೇಲೆ ಹೋಟೆಲಿಗೆ ವಾಟ್ಸ್ಆ್ಯಪ್‌ನಲ್ಲಿ ಹೀಗೆ ಕಳಿಸಿ:

‘ನಮಸ್ಕಾರ. 12ಕ್ಕೆ ಚೆಕ್‌ಇನ್, 14ಕ್ಕೆ ಚೆಕ್‌ಔಟ್. ಇಬ್ಬರು ದೊಡ್ಡವರು, 7 ವರ್ಷದ ಒಂದು ಮಗು, ಒಬ್ಬ ಡ್ರೈವರ್. ರೂಮ್, ತಿಂಡಿ, ಮಗುವಿನ ಹಾಸಿಗೆ, ಜಿಎಸ್‌ಟಿ ಎಲ್ಲ ಸೇರಿ ಒಟ್ಟು ಎಷ್ಟಾಗುತ್ತೆ? ಅಲ್ಲಿಗೆ ಬಂದ ಮೇಲೆ ಜೀಪ್, ಪಾರ್ಕಿಂಗ್, ಡೆಪಾಸಿಟ್ ಅಂತ ಬೇರೆ ಏನಾದರೂ ಕಟ್ಟೋದಿದ್ದರೆ ಈಗಲೇ ತಿಳಿಸಿ.’

ಫೋನ್‌ನಲ್ಲಿ ಕೇಳುವುದಕ್ಕಿಂತ ಇದು ಮೇಲು, ಉತ್ತರ ಬರಹದಲ್ಲಿ ಉಳಿಯುತ್ತದೆ. ಹೋಟೆಲ್ ಹೇಳಿದ ಒಟ್ಟು ಮೊತ್ತ ಆ್ಯಪ್‌ಗಿಂತ ಕಡಿಮೆ ಇದ್ದರೆ ಅಲ್ಲೇ ಬುಕ್ ಮಾಡಿ. ಸರಿಸಮ ಇದ್ದರೆ, ರದ್ದತಿ ಯಾರಲ್ಲಿ ಸಲೀಸೋ ಅವರಲ್ಲಿ.

ಹೊರದೇಶದಲ್ಲಿ

ವಿದೇಶದ ಬುಕಿಂಗ್‌ನಲ್ಲಿ ಹೊಸದಾಗಿ ಸೇರುವುದು ಊರಿನ ತೆರಿಗೆ. ನೀವು ಇಲ್ಲಿಂದಲೇ ಪೂರ್ತಿ ಹಣ ಕಟ್ಟಿದ್ದರೂ ಇದನ್ನು ಹೆಚ್ಚಾಗಿ ಹೋಟೆಲಿನ ಕೌಂಟರಿನಲ್ಲಿ, ಅಲ್ಲಿನ ದುಡ್ಡಿನಲ್ಲಿ ಕಟ್ಟಬೇಕು.

ದುಬೈಯಲ್ಲಿ ‘ಟೂರಿಸಂ ದಿರ್ಹಂ’: ಹೋಟೆಲಿನ ದರ್ಜೆಗೆ ತಕ್ಕಂತೆ ರೂಮಿಗೆ ರಾತ್ರಿಗೆ 7ರಿಂದ 20 ದಿರ್ಹಂ. ಫೋರ್ ಸ್ಟಾರ್‌ಗೆ 15, ಐದು ರಾತ್ರಿಗೆ 75. ಅಪಾರ್ಟ್‌ಮೆಂಟ್ ಆದರೆ ಬೆಡ್‌ರೂಮ್ ಲೆಕ್ಕ. ಇದಲ್ಲದೆ ಶೇ. 10 ಸರ್ವಿಸ್ ಚಾರ್ಜ್, ಶೇ. 7 ಮುನಿಸಿಪಾಲಿಟಿ ಶುಲ್ಕ, ಶೇ. 5 ವ್ಯಾಟ್, ಇವು ಆ್ಯಪ್‌ನ ಬೆಲೆಯಲ್ಲಿ ಸೇರಿವೆಯೇ ನೋಡಬೇಕು. ಮಲೇಷ್ಯಾದಲ್ಲಿ ವಿದೇಶಿಯರಿಗೆ ರೂಮಿಗೆ ರಾತ್ರಿಗೆ 10 ರಿಂಗಿಟ್. ರೋಮ್‌ನಲ್ಲಿ ತಲೆಗೆ: ಥ್ರೀ ಸ್ಟಾರ್ ಹೋಟೆಲಿನಲ್ಲಿ ರಾತ್ರಿಗೆ 6 ಯೂರೋ, ಇಬ್ಬರಿಗೆ ನಾಲ್ಕು ರಾತ್ರಿಗೆ 48. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬಾಡಿಗೆಯ ಶೇ. 12.5. ಭೂತಾನದ್ದು ಹೋಟೆಲ್ ತೆರಿಗೆಯಲ್ಲ, ಆದರೆ ರಾತ್ರಿಯ ಲೆಕ್ಕದಲ್ಲೇ ಬೀಳುತ್ತದೆ: ಭಾರತೀಯರಿಗೆ ತಲೆಗೆ ರಾತ್ರಿಗೆ 1,200 ರೂ., ಅಂದರೆ ಇಬ್ಬರು ನಾಲ್ಕು ರಾತ್ರಿ ಇದ್ದರೆ 9,600. ಹೋಟೆಲ್ ಆ್ಯಪ್‌ನಲ್ಲಿ ಇದರ ಸುಳಿವೂ ಇರುವುದಿಲ್ಲ.

ಮಾಲ್ಡೀವ್ಸ್ ಪ್ರತ್ಯೇಕವಾಗಿ ಹೇಳಬೇಕಾದ ಜಾಗ. 2025ರ ಜನವರಿಯಿಂದ ರೆಸಾರ್ಟಿನಲ್ಲಿ ತಲೆಗೆ ರಾತ್ರಿಗೆ 12 ಡಾಲರ್ ಹಸಿರು ತೆರಿಗೆ. ಜನ ವಾಸಿಸುವ ದ್ವೀಪಗಳ ಸಣ್ಣ ಗೆಸ್ಟ್‌ಹೌಸ್‌ಗಳಲ್ಲಿ 6. ಮಧುಚಂದ್ರಕ್ಕೆ ಹೋದ ಜೋಡಿಗೆ ನಾಲ್ಕು ರಾತ್ರಿಗೆ 96 ಡಾಲರ್. ರೂಮ್, ಊಟ ಎಲ್ಲದರ ಮೇಲೆ 2025ರ ಜುಲೈಯಿಂದ ಶೇ. 17 ಪ್ರವಾಸಿ ಜಿಎಸ್‌ಟಿ, ಜೊತೆಗೆ ಶೇ. 10 ಸರ್ವಿಸ್ ಚಾರ್ಜ್. ಇವೆಲ್ಲಕ್ಕಿಂತ ದೊಡ್ಡ ಪೆಟ್ಟು ಕೊಡುವುದು ಪ್ರಯಾಣ: ಮಾಲೆ ವಿಮಾನ ನಿಲ್ದಾಣದಿಂದ ರೆಸಾರ್ಟಿನ ದ್ವೀಪಕ್ಕೆ ಸ್ಪೀಡ್‌ಬೋಟ್, ಸೀಪ್ಲೇನ್ ಅಥವಾ ದೇಶದೊಳಗಿನ ವಿಮಾನ ಬೇಕೇ ಬೇಕು, ಮತ್ತದು ರೂಮಿನ ದರದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ರೂಮಿನ ಬೆಲೆಗಳನ್ನು ಹೋಲಿಸುವ ಮುಂಚೆ ಪ್ರತಿ ರೆಸಾರ್ಟಿನ ಟ್ರಾನ್ಸ್‌ಫರ್ ದರ ಬರೆದುಕೊಳ್ಳಿ.

ಸಿಂಗಾಪುರ, ಥಾಯ್ಲೆಂಡ್, ಬಾಲಿಯ ಕಡೆ ಬೆಲೆಯ ಮುಂದೆ ‘++’ ಎಂದಿರುತ್ತದೆ, ‘ಪ್ಲಸ್ ಪ್ಲಸ್’ ಎಂದೇ ಓದುತ್ತಾರೆ. ಒಂದು ಪ್ಲಸ್ ಸರ್ವಿಸ್ ಚಾರ್ಜ್, ಇನ್ನೊಂದು ತೆರಿಗೆ, ಮತ್ತು ಎರಡನೆಯದು ಮೊದಲನೆಯದರ ಮೇಲೂ ಬೀಳುತ್ತದೆ. ಸಿಂಗಾಪುರದಲ್ಲಿ 200++ ಎಂದರೆ 10 ಪರ್ಸೆಂಟ್ ಸೇರಿ 220, ಅದರ ಮೇಲೆ ಶೇ. 9 ಜಿಎಸ್‌ಟಿ ಸೇರಿ 239.80. ಥಾಯ್ಲೆಂಡ್‌ನಲ್ಲಿ ಒಟ್ಟು ಶೇ. 17.7, ಬಾಲಿಯಲ್ಲಿ ಶೇ. 21.

ಅಮೆರಿಕದಲ್ಲಿ ಮಕ್ಕಳ ಮನೆಗೆ ಹೋದ ಅಪ್ಪ ಅಮ್ಮ ಲಾಸ್ ವೇಗಾಸ್ ನೋಡಲು ಹೊರಟರೆ ಎದುರಾಗುವುದು ‘ರೆಸಾರ್ಟ್ ಫೀ’. ಈಜುಕೊಳ, ವೈಫೈ, ಜಿಮ್ ಹೆಸರಿನಲ್ಲಿ ರಾತ್ರಿಗೆ ಹತ್ತಾರು ಡಾಲರ್, ಬಳಸದಿದ್ದರೂ ಕಡ್ಡಾಯ. 2025ರ ಮೇ 12ರಿಂದ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮದಂತೆ ಇಂಥ ಕಡ್ಡಾಯ ಶುಲ್ಕವನ್ನು ಮೊದಲೇ ತೋರಿಸುವ ಬೆಲೆಯಲ್ಲಿ ಸೇರಿಸಬೇಕು. ಶುಲ್ಕ ನಿಂತಿಲ್ಲ, ಮುಚ್ಚಿಡುವುದಕ್ಕೆ ಮಾತ್ರ ತಡೆ. ಸರ್ಕಾರಿ ತೆರಿಗೆಯನ್ನು ಈಗಲೂ ಹೊರಗಿಡಬಹುದು. ನ್ಯೂಯಾರ್ಕ್ ನಗರದಲ್ಲಿ ಅದು ಶೇ. 14.75, ಮೇಲೆ ರಾತ್ರಿಗೆ 3.50 ಡಾಲರ್, 200 ಡಾಲರಿನ ರೂಮ್ 233 ಆಗುತ್ತದೆ.

ಕಾರ್ಡಿನ ವಿಷಯ. ವಿದೇಶಿ ಕರೆನ್ಸಿಯಲ್ಲಿ ಕಟ್ಟಿದರೆ ಹಲವು ಕ್ರೆಡಿಟ್ ಕಾರ್ಡುಗಳು ಶೇ. 3.5 ಮಾರ್ಕಪ್, ಅಂದರೆ ಹೆಚ್ಚುವರಿ ಶುಲ್ಕ ಹಾಕುತ್ತವೆ, ಅದಕ್ಕೆ ಶೇ. 18 ಜಿಎಸ್‌ಟಿ ಸೇರಿ ಶೇ. 4.13, ಲಕ್ಷ ರೂಪಾಯಿಗೆ 4,130. ಹೋಟೆಲಿನ ಮೆಷಿನ್ ‘ರೂಪಾಯಿಯಲ್ಲಿ ಕಟ್ಟುತ್ತೀರಾ?’ ಎಂದು ಪ್ರೀತಿಯಿಂದ ಕೇಳುತ್ತದೆ. ಬೇಡ ಎನ್ನಿ, ಅಲ್ಲಿನ ದುಡ್ಡನ್ನೇ ಆರಿಸಿ. ರೂಪಾಯಿ ಆರಿಸಿದರೆ ವಿನಿಮಯ ದರವನ್ನು ಮೆಷಿನ್‌ನವರು ತಮಗೆ ಬೇಕಾದಂತೆ ಹಾಕಿಕೊಳ್ಳುತ್ತಾರೆ. ಇನ್ನೊಂದು: ಚೆಕ್‌ಇನ್ ಹೊತ್ತಿಗೆ ಡೆಪಾಸಿಟ್ ಎಂದು ತಡೆಹಿಡಿಯುವ ಮೊತ್ತಕ್ಕೆ ಡೆಬಿಟ್ ಕಾರ್ಡ್ ಕೊಡಬೇಡಿ. ಕ್ರೆಡಿಟ್ ಕಾರ್ಡಿನಲ್ಲಿ ಅದು ಬರೀ ಮಿತಿಯನ್ನು ಹಿಡಿದಿಡುತ್ತದೆ, ಡೆಬಿಟ್ ಕಾರ್ಡಿನಲ್ಲಿ ನಿಮ್ಮ ನಿಜವಾದ ದುಡ್ಡು ದಿನಗಟ್ಟಲೆ ಸಿಕ್ಕಿಕೊಳ್ಳುತ್ತದೆ.

ಟ್ರಾವೆಲ್ ಏಜೆಂಟರ ಬಿಲ್‌ನಲ್ಲಿ ‘ಟಿಸಿಎಸ್’ ಕಂಡರೆ ಅದು ವಿದೇಶಿ ಪ್ರವಾಸದ ಪ್ಯಾಕೇಜಿಗೆ ಹಿಡಿಯುವ ಆದಾಯ ತೆರಿಗೆ. ಬರೀ ಹೋಟೆಲ್ ಬುಕ್ ಮಾಡಿದರೆ ಅದು ಪ್ಯಾಕೇಜ್ ಆಗುವುದಿಲ್ಲ. ವಿಮಾನದ ಟಿಕೆಟ್, ಹೋಟೆಲ್ ಮುಂತಾದವುಗಳಲ್ಲಿ ಕನಿಷ್ಠ ಎರಡು ಸೇರಿರಬೇಕು ಎಂದು ನೇರ ತೆರಿಗೆ ಮಂಡಳಿ 2023ರಲ್ಲೇ ಸ್ಪಷ್ಟಪಡಿಸಿದೆ. ಹಿಡಿದದ್ದಾದರೂ ಕಳೆದುಹೋದ ದುಡ್ಡಲ್ಲ. ಪ್ಯಾನ್ ನಂಬರ್ ಸರಿ ಕೊಟ್ಟಿದ್ದರೆ ಆದಾಯ ತೆರಿಗೆ ಪೋರ್ಟಲಿನ ನಿಮ್ಮ ಖಾತೆಯಲ್ಲಿ ಕಾಣುತ್ತದೆ, ರಿಟರ್ನ್ ಸಲ್ಲಿಸಿದಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು.

ಬಿಲ್ ಓದುವುದು, ದೂರು ಕೊಡುವುದು

ಚೆಕ್‌ಔಟ್ ಆಗುವಾಗ ಜಿಎಸ್‌ಟಿ ಹಾಕಿದ ಬಿಲ್‌ನಲ್ಲಿ 15 ಅಕ್ಷರ–ಅಂಕಿಗಳ ಜಿಎಸ್‌ಟಿ ನಂಬರ್ ಇರಲೇಬೇಕು. ಕರ್ನಾಟಕದ ಹೋಟೆಲ್ ಆದರೆ ಅದು 29ರಿಂದ ಶುರು. ಗೋವಾ 30, ಕೇರಳ 32, ತಮಿಳುನಾಡು 33. ಜಿಎಸ್‌ಟಿ ಪೋರ್ಟಲಿನಲ್ಲಿ ಆ ನಂಬರ್ ಹಾಕಿದರೆ ಹೋಟೆಲಿನ ಹೆಸರು, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲ ಗೊತ್ತಾಗುತ್ತದೆ, ಲಾಗಿನ್ ಬೇಕಿಲ್ಲ. ನೋಂದಣಿ ಇಲ್ಲದವರು ಗ್ರಾಹಕರಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಕಾಂಪೊಸಿಷನ್ ಪದ್ಧತಿಯಲ್ಲಿರುವವರೂ, ಅಂದರೆ ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆಯನ್ನು ತಮ್ಮ ಕೈಯಿಂದಲೇ ಕಟ್ಟುವ ಸಣ್ಣ ವ್ಯಾಪಾರಿಗಳೂ ಮಾಡುವಂತಿಲ್ಲ. ಬಿಳಿ ಹಾಳೆಯಲ್ಲಿ ಕೈಬರಹದಲ್ಲಿ ‘ಜಿಎಸ್‌ಟಿ 12%’ ಎಂದು ಗೀಚಿಕೊಟ್ಟರೆ ನಂಬರ್ ಕೇಳಿ.

ಕಂಪನಿ ಕೆಲಸದ ಮೇಲೆ ಹೋಗುವವರಿಗೆ ಒಂದು ಮಾತು: ಹೋಟೆಲ್ ಇರುವ ರಾಜ್ಯಕ್ಕೇ ತೆರಿಗೆ ಸೇರುತ್ತದೆ. ಗೋವಾದ ಹೋಟೆಲಿನ ಬಿಲ್‌ಗೆ ಬೆಂಗಳೂರು ಆಫೀಸಿನ ಜಿಎಸ್‌ಟಿ ನಂಬರ್ ಹಾಕಿಸಿದರೂ ಆ ತೆರಿಗೆಯ ಕ್ರೆಡಿಟ್, ಅಂದರೆ ಅದನ್ನು ಕಂಪನಿ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಅವಕಾಶ, ಇಲ್ಲಿ ಸಿಗುವುದಿಲ್ಲ.

ರದ್ದು ಮಾಡಿದಾಗ ಹೋಟೆಲ್ ಇಟ್ಟುಕೊಂಡ ಮೊತ್ತಕ್ಕೂ ರೂಮಿನ ದರದಲ್ಲೇ ಜಿಎಸ್‌ಟಿ ಇದೆ. ಆದರೆ ಇಟ್ಟುಕೊಂಡ ಭಾಗಕ್ಕೆ ಮಾತ್ರ. 6,000 ರೂ. ಬಾಡಿಗೆ, 300 ತೆರಿಗೆ ಕಟ್ಟಿದ್ದು, ಅರ್ಧ ಬಾಡಿಗೆ ಹಿಡಿದುಕೊಂಡರೆ ನಿಮಗೆ ವಾಪಸ್ ಬರಬೇಕಾದ್ದು 3,000 ಅಲ್ಲ, 3,150. ಆ್ಯಪ್‌ನವರ ಸೇವಾ ಶುಲ್ಕ ಮಾತ್ರ ಹೆಚ್ಚಾಗಿ ಮರಳಿ ಬರುವುದಿಲ್ಲ. ರದ್ದತಿಯ ಗಡುವು ಹೋಟೆಲ್ ಇರುವ ಊರಿನ ಗಡಿಯಾರದ ಪ್ರಕಾರ ಎಂಬುದನ್ನೂ ಮರೆಯಬೇಡಿ. ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದಿದೆ.

ಹೆಚ್ಚಿಗೆ ಹಿಡಿದಿದ್ದಾರೆ ಎನಿಸಿದರೆ ಮೊದಲು ಆ್ಯಪ್‌ನಲ್ಲೇ ಬರಹದಲ್ಲಿ ದೂರು ಕೊಟ್ಟು ನಂಬರ್ ತೆಗೆದುಕೊಳ್ಳಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೂ ಮಾತಾಡಬಹುದು. ಬುಕಿಂಗ್ ನಂಬರ್, ಪಾವತಿ ಪುಟದ ಸ್ಕ್ರೀನ್‌ಶಾಟ್, ಹೋಟೆಲಿನ ವಾಟ್ಸ್ಆ್ಯಪ್ ಉತ್ತರ, ಬಿಲ್ ಈ ನಾಲ್ಕು ಕೈಯಲ್ಲಿರಲಿ. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದರೆ ಬ್ಯಾಂಕಿನಲ್ಲಿ ‘ಡಿಸ್ಪ್ಯೂಟ್’ ಹಾಕುವ ದಾರಿಯೂ ಇದೆ, ಆದರೆ ಅದಕ್ಕೆ ಗಡುವು ಇರುವುದರಿಂದ ಸ್ಟೇಟ್‌ಮೆಂಟ್ ಬಂದ ಕೂಡಲೇ ಮಾಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ನೀವು ಕೊಟ್ಟ ಹಣ ಐದು ಲಕ್ಷದ ಒಳಗಿದ್ದರೆ ಅಲ್ಲಿ ಅರ್ಜಿ ಶುಲ್ಕ ಇಲ್ಲ, ‘ಇ–ಜಾಗೃತಿ’ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು.